ಹಳೇ ಅಡಾಪ್ಟರ್ ನಂಬಬೇಡಿ

ಮಾನ್ಯ ಸಂಪಾದಕರೇ,

ಅಟ್ಟದಿಂದ ಹಳೇ ಕಂಪ್ಯೂಟರ್ ಇಳಿಸಿ ಸುಮ್ನೆ ಪ್ಲಗ್ ಹಾಕುವವರಿಗೆ ಒಂದು ಮಾತು. 1982ರ ಕಮೊಡೋರ್ 64ಕ್ಕೆ 5 ವೋಲ್ಟ್ ಡಿಸಿಯೂ ಬೇಕು, 9 ವೋಲ್ಟ್ ಎಸಿಯೂ ಬೇಕು. ಇಷ್ಟು ವರ್ಷವಾದ ಮೇಲೆ ಅಡಾಪ್ಟರ್‌ನ ವೋಲ್ಟೇಜ್ ಹಿಡಿದಿಡುವ ರೆಗ್ಯುಲೇಟರ್ ಕೈಕೊಟ್ಟರೆ ಆ 5 ವೋಲ್ಟ್ ಮೇಲೇರಿ ಮೆಮೊರಿ ಚಿಪ್‌ಗಳನ್ನೇ ಸುಟ್ಟುಬಿಡುತ್ತದೆ. ಬಿಚ್ಚೋಣ ಅಂದರೆ ಬಹಳಷ್ಟರ ಒಳಗೆ ಕಲ್ಲಿನಂತೆ ಗಟ್ಟಿಯಾದ ಎಪಾಕ್ಸಿ ಅಂಟು.

ಅದಕ್ಕೇ ನಾನು ಫ್ಯೂಸ್ ಸಮೇತ ಹೊಸದೊಂದನ್ನು ಕಟ್ಟಿದೆ. ನೇರವಾಗಿ ಕಂಪ್ಯೂಟರ್‌ಗೆ ಜೋಡಿಸಲಿಲ್ಲ. ಮೊದಲು 5 ಓಮ್, 10 ವ್ಯಾಟ್‌ನ ರೆಸಿಸ್ಟರ್ ಹಾಕಿ, ಒಂದು ಆಂಪಿಯರ್ ಎಳೆಯುವಂತೆ ಮಾಡಿ, ಅರ್ಧ ಗಂಟೆ ಮೀಟರ್ ನೋಡುತ್ತಾ ಕೂತೆ. ರೆಸಿಸ್ಟರ್ ಮುಟ್ಟಲಾಗದಷ್ಟು ಬಿಸಿಯಾಯಿತು, ಮೀಟರ್ ಮಾತ್ರ 5.04 ಬಿಟ್ಟು ಕದಲಲಿಲ್ಲ. ಆಮೇಲೇ ಕಂಪ್ಯೂಟರ್‌ಗೆ ಕೊಟ್ಟೆ, ಅದರ ಎಂದಿನ ನೀಲಿ ಪರದೆ ಬಂತು! ಲೋಡ್ ಇಲ್ಲದೆ, ಅಂದರೆ ಕರೆಂಟ್ ಎಳೆಯುವಂಥದ್ದೇನೂ ಜೋಡಿಸದೆ, ಅಳೆದರೆ ಅರ್ಧ ಪರೀಕ್ಷೆ ಮಾತ್ರ, ಅಲ್ವಾ?

— ಒಬ್ಬ ಓದುಗ