ಕಾಡಿಗೆಯನ್ನು ಉಳಿಸಿಕೊಟ್ಟವರಿಗೆ

ಕಳೆದ ಭಾನುವಾರಕ್ಕೆ ನಮ್ಮ ಮನೆಯ ಮೊಲ ಸಾವಿನ ಬಾಯಿಂದ ಹೊರಬಂದು 48 ದಿನಗಳು ತುಂಬಿದವು. ಮೈಯೆಲ್ಲ ಬಿಳಿಯಾಗಿ, ಕಣ್ಣಿನ ಸುತ್ತ ಮಾತ್ರ ತೀಡಿದಂತೆ ಕಪ್ಪು ಗೆರೆಯಿರುವ ಆ ಪ್ರಾಣಿಗೆ ಮೂರು ವರ್ಷಗಳ ಹಿಂದೆ ನನ್ನ ಮಗಳು ಕಾಡಿಗೆ ಎಂದು ಹೆಸರಿಟ್ಟಿದ್ದಳು. ಒಂದು ಮಂಡಲ ಪೂರ್ತಿಯಾಗುವವರೆಗೆ ಯಾರಿಗೂ ಏನನ್ನೂ ಬರೆಯಬಾರದೆಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ. ಹೋದಂತೆ ಕಂಡು ಮರಳಿ ಬರುವ ಕಾಯಿಲೆ ಇದು ಎಂದು ವೈದ್ಯರು ಎಚ್ಚರಿಸಿದ್ದರು. ಗುಣವಾಯಿತು ಎಂದು ಬರೆದ ಮರುದಿನವೇ ಅದು ಮತ್ತೆ ಮೂಲೆಯಲ್ಲಿ ಮುದುಡಿ ಕುಳಿತರೆ ಎಂಬ ಹೆದರಿಕೆ ನನ್ನನ್ನು ತಡೆದಿತ್ತು. ಇಂದು ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ಕೂರಿಸಿ ತೂಗಿದಾಗ 1 ಕಿಲೋ 620 ಗ್ರಾಂ ಬಂತು. ಕಾಯಿಲೆ ಬೀಳುವ ಮೊದಲಿನ ತೂಕವೂ ಅಷ್ಟೇ ಇತ್ತು. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ಜುಲೈ ತಿಂಗಳ ಆ ಐದು ದಿನಗಳಲ್ಲಿ ಏನೇನು ನಡೆಯಿತೆಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಏಕೆಂದರೆ ನೀವು ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಕೇಳುತ್ತಿದ್ದಿರಿ. ಅದನ್ನೆಲ್ಲ ಮತ್ತೆ ಹೇಳಲು ನನಗೆ ಮನಸ್ಸಿಲ್ಲ. ಆದರೆ ಕಾಯಿಲೆಗೆ ಕಾರಣವಾದದ್ದು ನನ್ನ ಕೈಯೇ ಎಂಬುದನ್ನು ಮೊದಲು ಹೇಳದೆ ಉಪಕಾರ ಸ್ಮರಿಸುವುದು ಸರಿಯಲ್ಲ. ಪುನರ್ವಸು ಮಳೆ ಹಿಡಿದ ಮೇಲೆ ನಮ್ಮ ತೀರ್ಥಹಳ್ಳಿ ಕಡೆಯಲ್ಲಿ ಒಣಗಿದ ವಸ್ತುವೆಂಬುದು ಯಾವುದೂ ಉಳಿಯುವುದಿಲ್ಲ. ಗರಿಕೆ ಕೊಯ್ಯಲು ಹೋದರೆ ಹುಲ್ಲಿಗಿಂತ ನೀರು ಮತ್ತು ಉಂಬಳಗಳೇ ಹೆಚ್ಚು. ಹಾಗಾಗಿ ನಾನು ಹುಲ್ಲನ್ನು ಕಡಿಮೆ ಮಾಡಿ, ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರವಾದ ಪೆಲೆಟ್, ಕ್ಯಾರೆಟ್, ಬಾಳೆಹಣ್ಣುಗಳನ್ನು ಹೆಚ್ಚು ಮಾಡಿದ್ದೆ. ಅದು ಆಸೆಯಿಂದ ತಿನ್ನುತ್ತಿದ್ದುದನ್ನು ನೋಡಿ ಹೊಟ್ಟೆ ತುಂಬ ತಿನ್ನುತ್ತಿದೆಯೆಂದು ಸಂತೋಷಪಟ್ಟಿದ್ದೆ.

ಮೊಲದ ಕರುಳು ಹುಲ್ಲಿನ ನಾರಿನಿಂದಲೇ ನಡೆಯುವಂಥದ್ದು ಎಂಬುದನ್ನು ನನಗೆ ತಿಳಿಸಿಕೊಟ್ಟವರು ಶಿವಮೊಗ್ಗದ ಪಶುವೈದ್ಯರು. ಹಸುವಿಗೆ ಮೇವು ಕೊಳೆತು ಪಚನವಾಗುವ ಜಾಗ ಮುಂದೆ, ಹೊಟ್ಟೆಯಲ್ಲಿದ್ದರೆ, ಮೊಲಕ್ಕೆ ಅದು ಹಿಂದೆ, ದೊಡ್ಡ ಚೀಲದಂತಿರುವ ಕುರುಡುಕರುಳಿನಲ್ಲಿದೆ. ಅಲ್ಲಿಯ ಸೂಕ್ಷ್ಮಜೀವಿಗಳು ಸಿದ್ಧಪಡಿಸಿದ ಮೆತ್ತನೆಯ ಹಿಕ್ಕೆಯನ್ನು ಮೊಲ ನೇರವಾಗಿ ಬಾಯಿಗೆ ತೆಗೆದುಕೊಂಡು ಎರಡನೆಯ ಸಲ ತಿನ್ನುತ್ತದೆ. ನಾವು ನೆಲದ ಮೇಲೆ ಕಾಣುವ ಗಟ್ಟಿ ಹಿಕ್ಕೆ ಬೇರೆ. ನಾರು ಕಡಿಮೆಯಾದರೆ ಕರುಳಿನ ಓಟ ನಿಧಾನವಾಗುತ್ತದೆ, ನಿಂತಲ್ಲಿ ಗಾಳಿ ತುಂಬುತ್ತದೆ, ಗಾಳಿಯಿಂದ ನೋವು, ನೋವಿನಿಂದ ಮೊಲ ತಿನ್ನುವುದನ್ನು ಬಿಡುತ್ತದೆ, ತಿನ್ನದಿದ್ದರೆ ಕರುಳು ಇನ್ನಷ್ಟು ನಿಲ್ಲುತ್ತದೆ. ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ದಿನಕ್ಕೆ 200ಕ್ಕೂ ಹೆಚ್ಚು ಹಿಕ್ಕೆ ಹಾಕುವ ಪ್ರಾಣಿ 12 ಗಂಟೆ ಏನೂ ತಿನ್ನದೆ, ಏನೂ ಹಾಕದೆ ಕುಳಿತರೆ ಅದನ್ನು ತುರ್ತು ಪರಿಸ್ಥಿತಿಯೆಂದೇ ತಿಳಿಯಬೇಕಂತೆ. ನಾನು ಒಂದು ಇಡೀ ರಾತ್ರಿ, ಮಳೆಯ ಥಂಡಿಗೆ ಹೀಗೆ ಕುಳಿತಿದೆಯೆಂದು ಭಾವಿಸಿ ಮಲಗಿಬಿಟ್ಟೆ.

ಆ ವೈದ್ಯರಿಗೆ ನನ್ನ ಮೊದಲ ನಮಸ್ಕಾರ. ಮನೆಯಲ್ಲಿ ನಾಯಿಗೆಂದು ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಎಂಬ ಪೆನಿಸಿಲಿನ್ ಗುಂಪಿನ ಆಂಟಿಬಯಾಟಿಕ್ ಔಷಧಿಯನ್ನು ಎರಡು ಹನಿ ಕುಡಿಸಲೇ ಎಂದು ಬೆಳಿಗ್ಗೆ ಫೋನಿನಲ್ಲಿ ಕೇಳಿದಾಗ, ನನ್ನ ಮಾತು ಮುಗಿಯುವ ಮೊದಲೇ ಬೇಡವೆಂದು ತಡೆದವರು ಅವರು. ಆ ಗುಂಪಿನ ಔಷಧಿ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನಲ್ಲಿರುವ ಉಪಕಾರಿ ಜೀವಿಗಳು ಸತ್ತು, ವಿಷಕಾರಿಯಾದವು ಬೆಳೆದು, ಪ್ರಾಣವೇ ಹೋಗಬಹುದೆಂಬುದನ್ನು ನಾನು ಅಂದು ಮೊದಲ ಬಾರಿಗೆ ಕೇಳಿದೆ. ಮಂಡಗದ್ದೆ, ಗಾಜನೂರಿನ ಆ ಮಳೆಯ ದಾರಿಯಲ್ಲಿ ಒಂದು ಕುಲುಕೂ ಆಗದಂತೆ ಕಾರು ಓಡಿಸಿದ ನನ್ನ ತಮ್ಮನಿಗೆ, ಎಕ್ಸ್‌-ರೇ ತೆಗೆಯುವಾಗ ಅದರ ಕಣ್ಣು ಮುಚ್ಚಿ ಹಿಡಿದುಕೊಂಡಿದ್ದ ಆಸ್ಪತ್ರೆಯ ಹುಡುಗಿಗೆ, ಐದು ದಿನ ನನ್ನ ತರಗತಿಗಳನ್ನು ಹಂಚಿಕೊಂಡ ಶಾಲೆಯ ಸಹೋದ್ಯೋಗಿಗಳಿಗೆ, ತನ್ನ ಅಟ್ಟದಿಂದ ಎರಡು ಹೊರೆ ಒಣ ಕರಡದ ಹುಲ್ಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದ ಮೇಲಿನಕೇರಿಯ ಅಜ್ಜನಿಗೆ, ಎಲ್ಲರಿಗೂ ನಾನು ಋಣಿ.

ಉಳಿದ ಮಾತುಗಳೆಲ್ಲ ಕೆಳಮನೆಯ ಚಿಕ್ಕಮ್ಮನಿಗೆ ಸಲ್ಲಬೇಕು. ಅವರು ನನಗೆ ರಕ್ತಸಂಬಂಧಿಯಲ್ಲ. ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ಹಾಗೆ ಕರೆಯುತ್ತಿದ್ದೇನೆ.

ಶಿವಮೊಗ್ಗದಿಂದ ಹಿಂದಿರುಗಿದ ಮರುದಿನದ ಸಂಜೆ ಕಾಡಿಗೆಯ ಸ್ಥಿತಿ ಬಿಗಡಾಯಿಸಿತು. ಎಕ್ಸ್‌-ರೇಯಲ್ಲಿ ಗಾಳಿ ಮಾತ್ರ ಕಂಡಿತ್ತು, ಕರುಳಿನಲ್ಲಿ ಏನೂ ಸಿಕ್ಕಿಹಾಕಿಕೊಂಡಿರಲಿಲ್ಲ. ಆದ್ದರಿಂದಲೇ ನೋವಿನ ಔಷಧಿ, ಕರುಳು ಓಡುವ ಔಷಧಿ, ಪುಡಿ ಮಾಡಿ ನೆನೆಸಿದ ಹುಲ್ಲಿನ ಆಹಾರ, ಸಿರಿಂಜುಗಳನ್ನು ಕೊಟ್ಟು ನಮ್ಮನ್ನು ಮನೆಗೆ ಕಳುಹಿಸಿದ್ದರು. ಆ ಸಂಜೆ ದಾರಿಗೆ ಮರ ಬಿದ್ದು ವಾಹನಗಳ ಓಡಾಟ ನಿಂತಿತು, ಏಳು ಗಂಟೆಗೆ ಕರೆಂಟು ಹೋಯಿತು, ಸ್ವಲ್ಪ ಹೊತ್ತಿನಲ್ಲಿ ಫೋನಿನ ಸಿಗ್ನಲ್ಲೂ ಹೋಯಿತು. ಮೊಲದ ಮೈಬಿಸಿ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ಇರಬೇಕು; ಎಂಟು ಗಂಟೆಗೆ ನಾನು ನೋಡಿದಾಗ 37.1 ಇತ್ತು. ಹಲ್ಲು ಕಡಿಯುವ ಸಣ್ಣ ಸದ್ದೊಂದು ಬಿಟ್ಟರೆ ಅದರಲ್ಲಿ ಜೀವವಿದೆಯೆಂಬ ಗುರುತೇ ಇರಲಿಲ್ಲ. ನನ್ನ ಯಜಮಾನರು ಊರಿನಲ್ಲಿರಲಿಲ್ಲ. ಮಗಳನ್ನು ಒಳಗೆ ಮಲಗಿಸಿ ನಾನೊಬ್ಬಳೇ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ.

ಒಂಬತ್ತು ಗಂಟೆಯ ಹೊತ್ತಿಗೆ ಅಂಗಳದ ಆಚೆ ಬ್ಯಾಟರಿಯ ಬೆಳಕು ಕಂಡಿತು. ನಮ್ಮಿಬ್ಬರ ಮನೆಗಳ ನಡುವೆ ಒಂದು ಹಳ್ಳವಿದೆ, ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ ಇದೆ, ಮಳೆಗಾಲದಲ್ಲಿ ಆ ಸಂಕದ ಮೇಲೆ ಹಗಲಿನಲ್ಲಿ ನಡೆಯುವುದಕ್ಕೂ ನಾನು ಯೋಚಿಸುತ್ತೇನೆ. ಅರವತ್ತೆಂಟು ವರ್ಷದ ಚಿಕ್ಕಮ್ಮ ಕಂಬಳಿ ಕೊಪ್ಪೆ ಹಾಕಿಕೊಂಡು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಬಾಟಲಿ ಹಿಡಿದುಕೊಂಡು ಅದನ್ನು ದಾಟಿ ಬಂದಿದ್ದರು. ಅವರ ಹಿಂದೆ ಮೊಮ್ಮಗನಿದ್ದ. ಬಾಟಲಿಯಲ್ಲಿದ್ದುದು ಓಮ ಮತ್ತು ಇಂಗು ಹಾಕಿ ಕುದಿಸಿದ ನೀರು. ನಲವತ್ತು ವರ್ಷ ದನ ಸಾಕಿದವರು ಅವರು. ಹೊಟ್ಟೆಯುಬ್ಬರವಾದ ಎಷ್ಟೋ ಕರುಗಳನ್ನು ಅದೇ ನೀರಿನಿಂದ ಎಬ್ಬಿಸಿದ್ದನ್ನು ಊರೆಲ್ಲ ಕಂಡಿದೆ, ನಾನೂ ಕಂಡಿದ್ದೇನೆ.

ಮೊಮ್ಮಗ ಗುಡ್ಡದ ಮೇಲಿನ ನೀರಿನ ಟ್ಯಾಂಕಿನವರೆಗೆ ಓಡಿದ, ಅಲ್ಲಿ ಮಾತ್ರ ಒಂದೆರಡು ಗೆರೆ ಸಿಗ್ನಲ್ ಸಿಗುತ್ತದೆ. ಅವನು ವೈದ್ಯರಿಂದ ಕೇಳಿಕೊಂಡು ತಂದ ಮಾತು ಹೀಗಿತ್ತು: ಬಾಯಿಗೆ ಈಗ ಏನನ್ನೂ ಹಾಕಬೇಡಿ, ಕಷಾಯವನ್ನಂತೂ ಖಂಡಿತ ಹಾಕಬೇಡಿ, ಮೈ ತಣ್ಣಗಿರುವಾಗ ಆಹಾರ ಕೊಟ್ಟರೆ ಅಪಾಯ, ಮೊದಲು ಮೈ ಬಿಸಿಯಾಗಬೇಕು, ಆಮೇಲೆ ಹನಿಹನಿಯಾಗಿ ಆಹಾರ. ಇದನ್ನು ಕೇಳಿ ನಾನು ಚಿಕ್ಕಮ್ಮನ ಮುಖ ನೋಡಿದೆ. ಅವರು ಬಾಟಲಿಯನ್ನು ಎತ್ತಿ ಕಿಟಕಿಯ ಮೇಲಿಟ್ಟು, ‘ದನದ ಹೊಟ್ಟೆ ನಂಗೆ ಗೊತ್ತು, ಮೊಲದ್ದು ಡಾಕ್ಟ್ರಿಗೆ ಗೊತ್ತು. ಬಚ್ಚಲೊಲೆಗೆ ಬೆಂಕಿ ಹಾಕ್ತೀನಿ, ಬಾ’ ಎಂದರು.

ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಆ ಬಾಟಲಿಯನ್ನು ಕಿಟಕಿಯ ಮೇಲಿಟ್ಟ ರೀತಿ. ಒಂದು ಜೀವನವಿಡೀ ಕೆಲಸ ಮಾಡಿದ ತಿಳುವಳಿಕೆಯನ್ನು, ಅದೂ ಮಳೆಯಲ್ಲಿ ಸಂಕ ದಾಟಿ ಹೊತ್ತು ತಂದದ್ದನ್ನು, ಒಂದು ಮಾತಿಗೆ ಬದಿಗಿಟ್ಟು, ಬೇಸರ ಮಾಡಿಕೊಳ್ಳದೆ, ಮನೆಗೂ ಹೋಗದೆ ಕುಳಿತುಬಿಡುವುದು ನನ್ನಿಂದ ಆಗುತ್ತಿತ್ತೇ ಎಂದು ನಾನು ಹಲವು ಸಲ ಕೇಳಿಕೊಂಡಿದ್ದೇನೆ. ನನ್ನಿಂದ ಆಗುತ್ತಿರಲಿಲ್ಲ.

ಬಚ್ಚಲುಮನೆಯಲ್ಲಿ ಹಂಡೆಯ ಪಕ್ಕ ಮಣೆ ಹಾಕಿಕೊಂಡು ಅವರು ಕಾಡಿಗೆಯನ್ನು ತಮ್ಮ ಹಳೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡರು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಅದರ ಬೆನ್ನಿಗೆ ಒತ್ತಿ ಹಿಡಿಯುವುದು, ತಣಿದೊಡನೆ ಹಂಡೆಯಿಂದ ಮತ್ತೆ ತುಂಬಿಸುವುದು ನನ್ನ ಕೆಲಸವಾಗಿತ್ತು. ಅರ್ಧ ಗಂಟೆಗೊಮ್ಮೆ ಮೈಬಿಸಿ ನೋಡಿ ಮಗಳ ಪಾಟಿಯ ಮೇಲೆ ಬರೆಯುತ್ತಿದ್ದೆ: 37.2, 37.2, 37.6. ಮಧ್ಯರಾತ್ರಿ ದಾಟಿದ ಮೇಲೆ 38 ಮುಟ್ಟಿತು. ಆಗ ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ, ಹಲ್ಲುಗಳ ನಡುವಿನ ಸಂದಿಗೆ ಇಟ್ಟು, ಒಂದು ಹನಿ ಒತ್ತಿ, ಅದು ನುಂಗುವವರೆಗೆ ಕಾದು, ಇನ್ನೊಂದು ಹನಿ. ಅವಸರ ಮಾಡಿದರೆ ಆಹಾರ ಶ್ವಾಸನಾಳಕ್ಕೆ ಹೋಗಬಹುದೆಂಬುದು ಗೊತ್ತಿದ್ದೂ ನನ್ನ ಕೈ ನಡುಗುತ್ತಿತ್ತು. ಚಿಕ್ಕಮ್ಮ ನನ್ನ ಕೈಯಿಂದ ಸಿರಿಂಜನ್ನು ತೆಗೆದುಕೊಂಡರು. ಹತ್ತು ಮಿಲಿಲೀಟರ್ ಆಹಾರ ಒಳಗೆ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆಯಲ್ಲಿ ಒಂದು ಸಲವೂ ಅವರು ಬೆನ್ನು ನೇರ ಮಾಡಿಕೊಳ್ಳಲಿಲ್ಲ.

ಮೂರು ಗಂಟೆಗೆ ಅದು ಮತ್ತೆ ಕುಸಿಯಿತು. ತಲೆ ಒಂದು ಪಕ್ಕಕ್ಕೆ ವಾಲಿತು, ಬಾಯಿಗೆ ಇಟ್ಟ ಹನಿ ಹಾಗೆಯೇ ಹೊರಗೆ ಇಳಿಯಿತು. ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ, ಆ ಹೊತ್ತಿನಲ್ಲಿ ಅದು ಬೇಗ ಸಾಯಲಿ ಎಂದು ನಾನು ಬಯಸಿದೆ. ಅದರ ನೋವು ನೋಡಲಾರದೆ ಎಂದು ಆಮೇಲೆ ಕಾರಣ ಹೇಳಿಕೊಂಡೆ, ಆದರೆ ನಿಜವಾಗಿ ನನಗೆ ಸಾಕಾಗಿತ್ತು, ನನ್ನ ತಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂರುವುದು ಸಾಕಾಗಿತ್ತು. ‘ಬಿಟ್ಟುಬಿಡೋಣ ಚಿಕ್ಕಮ್ಮ, ಇನ್ನು ಹಿಂಸೆ ಕೊಡುವುದು ಬೇಡ’ ಎಂದು ಅತ್ತುಬಿಟ್ಟೆ. ಅವರು ನನ್ನನ್ನು ಸಮಾಧಾನಪಡಿಸಲಿಲ್ಲ, ಬೈಯಲೂ ಇಲ್ಲ. ನನ್ನ ಕೈ ಹಿಡಿದು ಮೊಲದ ಕಿವಿಯ ಬುಡಕ್ಕೆ ಇಟ್ಟು, ‘ಬಿಸಿ ಉಂಟಲ್ಲ ಮಾರಾಯ್ತಿ. ನೀರು ಬದಲಾಯಿಸು’ ಎಂದರು. ನಾನು ಎದ್ದು ಬಾಟಲಿಯ ನೀರು ಬದಲಾಯಿಸಿದೆ.

ಆಮೇಲೆ ಅವರು ಮಾಡಿದ ಕೆಲಸವನ್ನು ಯಾವ ವೈದ್ಯರೂ ಹೇಳಿಕೊಟ್ಟಿರಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಕಿವಿಯನ್ನು ಮೊಲದ ಪಕ್ಕೆಗೆ ಆನಿಸಿ, ಕಣ್ಣು ಮುಚ್ಚಿ ಕುಳಿತರು. ಮೆಲುಕು ನಿಲ್ಲಿಸಿದ ಹಸುವಿನ ಪಕ್ಕೆಗೆ ಅವರು ಹೀಗೆ ಕಿವಿ ಆನಿಸುವುದನ್ನು ನೋಡಿದ್ದೆ. ಅಂಗೈಯಗಲದ ಪ್ರಾಣಿಯ ಪಕ್ಕೆಗೆ ಆನಿಸಿದ್ದನ್ನು ಅಂದು ನೋಡಿದೆ. ಎಷ್ಟೋ ಹೊತ್ತಿನ ಮೇಲೆ, ಹೊರಗೆ ಮಳೆ ಸ್ವಲ್ಪ ಹೊಳವಾದಾಗ, ‘ಒಂದು ಸಲ ಗುಳುಕ್ ಅಂತು’ ಎಂದರು. ನಾನೂ ಕಿವಿಯಿಟ್ಟೆ, ನನಗೆ ಅದರ ಎದೆಬಡಿತವಲ್ಲದೆ ಬೇರೇನೂ ಕೇಳಿಸಲಿಲ್ಲ. ಅವರು ಮಾತ್ರ ನಿಮಿಷ ನಿಮಿಷಕ್ಕೂ ಬೆರಳು ಮಡಿಚಿ ಎಣಿಸುತ್ತಾ ಹೋದರು.

ಬೆಳಗಿನ ಐದೂವರೆಗೆ ಸೀರೆಯ ಮಡಿಕೆಯಲ್ಲಿ ಒಂದು ಹಿಕ್ಕೆ ಸಿಕ್ಕಿತು. ಹುಷಾರಾಗಿರುವಾಗ ಕಾಡಿಗೆಯ ಹಿಕ್ಕೆ ಕಡಲೆಕಾಳಿನಷ್ಟಿರುತ್ತದೆ, ಇದು ಕೊತ್ತಂಬರಿ ಬೀಜಕ್ಕಿಂತ ಸಣ್ಣದು, ಕಪ್ಪಾಗಿ ಒಣಗಿದ್ದು. ಚಿಕ್ಕಮ್ಮ ಅದನ್ನು ಅಂಗೈಯಲ್ಲಿಟ್ಟು ಬ್ಯಾಟರಿ ಹಾಕಿ ನನಗೆ ತೋರಿಸಿದರು. ನಾವಿಬ್ಬರೂ ಏನೂ ಮಾತಾಡಲಿಲ್ಲ. ಮಗಳು ಎದ್ದು ಬಂದು ಬಾಗಿಲಲ್ಲಿ ನಿಂತಾಗ ಅವಳಿಗೂ ಅದೇ ಅಂಗೈಯನ್ನು ಚಾಚಿದರು. ಆಮೇಲೆ ಹಾಲು ಕರೆಯುವ ಹೊತ್ತಾಯಿತೆಂದು ಕಂಬಳಿ ಹೊದ್ದುಕೊಂಡು ಹೊರಟುಬಿಟ್ಟರು. ಕಾಫಿ ಕುಡಿದು ಹೋಗಿ ಎಂದು ಹೇಳುವುದಕ್ಕೂ ನನಗೆ ತೋಚಲಿಲ್ಲ.

ಅಂದಿನಿಂದ ಮೂರು ದಿನ ಅದು ಹನಿಹನಿ ಆಹಾರದಲ್ಲೇ ಇತ್ತು, ನಾಲ್ಕನೆಯ ದಿನ ಅಜ್ಜ ತಂದ ಕರಡದ ಒಂದು ಎಳೆಯನ್ನು ತಾನೇ ಎಳೆದುಕೊಂಡು ತಿಂದಿತು. ಬೇಣದಿಂದ, ಅಂದರೆ ಹುಲ್ಲುಗಾವಲಿನಿಂದ ಕೊಯ್ದು ಒಣಗಿಸಿ ದನಕ್ಕೆಂದು ಇಡುವ ಆ ಒರಟು ಹುಲ್ಲು ಇಷ್ಟು ವರ್ಷ ನನ್ನ ಕಣ್ಣೆದುರಿಗೇ ಇತ್ತು. ವೈದ್ಯರು ಅದನ್ನು ನೋಡಿ, ಬೂಸು ಹಿಡಿಯದಂತೆ ಒಣಗಿಟ್ಟುಕೊಂಡರೆ ಸಾಕು, ಇದೇ ಅದಕ್ಕೆ ಮುಖ್ಯ ಆಹಾರವಾಗಲಿ ಎಂದರು. ಈಗ ಬಚ್ಚಲಿನ ಅಟ್ಟದ ಮೇಲೆ, ಹೊಗೆಯ ಬಿಸಿ ತಾಗುವಲ್ಲಿ, ಕಾಡಿಗೆಗೆಂದೇ ಒಂದು ಹೊರೆ ಇದೆ. ಕ್ಯಾರೆಟ್ಟು, ಬಾಳೆಹಣ್ಣು ನಿಂತಿವೆ. ಅದನ್ನು ನೋಡಲು ಬರುವ ಮಕ್ಕಳು ದಯವಿಟ್ಟು ಏನನ್ನೂ ತರಬಾರದು, ತರಲೇಬೇಕೆನಿಸಿದರೆ ತೊಳೆದು ಒರೆಸಿದ ಗರಿಕೆ ತರಬಹುದು.

ಚಿಕ್ಕಮ್ಮನಿಗೆ ಒಂದು ಸೀರೆ ತಂದುಕೊಟ್ಟೆ, ಹಳೆಯದಕ್ಕೆ ಬದಲಾಗಿ. ತೆಗೆದುಕೊಂಡರು, ಆದರೆ ಹಳೆಯದನ್ನೂ ಒಗೆದುಕೊಡು ಎಂದು ಕೇಳಿ ಪಡೆದರು. ದಿನ ಸಂಜೆ ಹಾಲು ಕೊಡಲು ಬಂದಾಗ ನನ್ನನ್ನೂ ಮಗಳನ್ನೂ ವಿಚಾರಿಸುವ ಮೊದಲು ಗೂಡಿನ ಕಡೆ ಬಗ್ಗಿ ನೋಡಿ ಹಿಕ್ಕೆಯ ಗಾತ್ರವನ್ನು ಪರೀಕ್ಷಿಸುತ್ತಾರೆ. ಓಮದ ನೀರಿನ ಬಾಟಲಿಯನ್ನು ತೊಳೆದು ಹಿಂದಿರುಗಿಸಿದ್ದೇನೆ.

ಅವರ ಕಂದು ಹಸು ಗಬ್ಬವಾಗಿದೆ, ಗೌರಿ ಹಬ್ಬದ ಆಸುಪಾಸಿನಲ್ಲಿ ಕರು ಹಾಕಬಹುದಂತೆ. ಹೋದ ಸಲ ಅದಕ್ಕೆ ಕಷ್ಟವಾಗಿತ್ತು, ಅವರೊಬ್ಬರೇ ರಾತ್ರಿಯಿಡೀ ಕೊಟ್ಟಿಗೆಯಲ್ಲಿದ್ದರೆಂಬುದು ನನಗೆ ಮರುದಿನ ಮಧ್ಯಾಹ್ನವಷ್ಟೇ ತಿಳಿದಿತ್ತು. ಈ ಸಲ ಎಷ್ಟು ಹೊತ್ತಾದರೂ ಮೊಮ್ಮಗನನ್ನು ಕಳುಹಿಸಬೇಕೆಂದು ಹೇಳಿ ಬಂದಿದ್ದೇನೆ. ಬ್ಯಾಟರಿಗೆ ಹೊಸ ಸೆಲ್ ಹಾಕಿ ಬಾಗಿಲ ಮೊಳೆಗೆ ತಗುಲಿಹಾಕಿದ್ದೇನೆ, ಮತ್ತು ಕಳೆದ ವಾರದಿಂದ ದಿನವೂ ಸಂಜೆ ಮಬ್ಬಿನಲ್ಲಿ ಒಂದು ಸಲ ಆ ಸಂಕವನ್ನು ದಾಟಿ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.