ಈ ವಾರದ ಅಭ್ಯಾಸ: ಹಳೇ ವಸ್ತು, ಸೆಪಿಯಾ (ಹಳೇ ಫೋಟೊಗಳ ಕಂದು) ಬಣ್ಣ

ಎಲ್ಲರಿಗೂ ನಮಸ್ಕಾರ. ಈ ವಾರ ತುಕ್ಕು ಹಿಡಿದ ಬೀಗವೋ, ಸವೆದ ಮರದ ಹಿಡಿಯೋ, ಯಾವುದಾದರೂ ಹಳೇ ವಸ್ತುವಿನ ಫೋಟೊ ತೆಗೆಯೋಣ. ಒಬ್ಬರಿಗೆ ಎರಡೇ ಫೋಟೊ. ಭಾನುವಾರ ರಾತ್ರಿ 8ರೊಳಗೆ ಇಲ್ಲಿ ಹಾಕಿ.

ವಸ್ತುವನ್ನು ಒರೆಸಿ ಹೊಳಪು ಮಾಡಬೇಡಿ, ನಮಗೆ ಆ ಧೂಳೇ ಬೇಕು! ಕಿಟಕಿ ಪಕ್ಕ ಇಡಿ. ಓರೆ ಬೆಳಕಿನಲ್ಲಿ ಬಿರುಕು ಎದ್ದು ಕಾಣುತ್ತದೆ. ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿ) ಎಫ್/2.8ರಿಂದ ಶುರು ಮಾಡಿ. ತೀರಾ ಹತ್ತಿರದಿಂದ, ಕಿಂಡಿ ಇನ್ನೂ ಅಗಲವಾಗಿರುವ ಎಫ್/1.8ರಲ್ಲಿ ತೆಗೆದರೆ ಕೆಲವೇ ಮಿಲಿಮೀಟರ್ ಸ್ಪಷ್ಟ ಬರುತ್ತದೆ, ಫೋಕಸ್ ಸ್ವಲ್ಪ ತಪ್ಪಿದರೂ ಎಲ್ಲಾ ಮಸುಕು. ಕ್ಯಾಮೆರಾದಲ್ಲೇ ಸೆಪಿಯಾ ಬೇಡ. ಬಣ್ಣದಲ್ಲಿ ತೆಗೆದು ಆಮೇಲೆ ಬದಲಿಸಿ, ಮೂಲ ಫೈಲ್ ಉಳಿಯುತ್ತದೆ ಅಲ್ವಾ? ಕಂದು ಜಾಸ್ತಿಯಾದರೆ ಸುಮ್ನೆ ಕೊಳೆಯಂತೆ ಕಾಣುತ್ತದೆ. ಮೊಬೈಲ್‌ನವರು ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್‌ನಲ್ಲಿ ವಸ್ತುವಿನ ಅಂಚು ಸರಿ ಬಂದಿದೆಯಾ ನೋಡಿಕೊಳ್ಳಿ.

ಸೇರುವವರು ಶುಕ್ರವಾರದೊಳಗೆ ‘ನಾನಿದ್ದೇನೆ’ ಅಂತ ತಿಳಿಸಿ.