ಡೆಲ್ಲಿ ಕನಕಾಂಬರದ ಲೇಬಲ್ ಬದಲಾಗಿದೆ, ಸಸಿ ತಗೊಳ್ಳೋ ಮುಂಚೆ ಓದಿ

ಎಲ್ರಿಗೂ ನಮಸ್ಕಾರ,

ಈ ಮಳೆಗಾಲದಿಂದ ನಮ್ಮ ಟ್ರೇಗಳ ಮೇಲೆ "ಹೈಬ್ರಿಡ್" ಅಂತ ಬರೆಯಲ್ಲ, ಅದರ ಬದಲು 20, 30, 40 ಅಂತ ಒಂದು ನಂಬರ್ ಇರುತ್ತೆ. ರೇಟು ಅನ್ಕೋಬೇಡಿ, ಅದು ಕ್ರೋಮೋಸೋಮ್ ಲೆಕ್ಕ, ಅಂದ್ರೆ ಗಿಡದ ಜೀವಕೋಶದೊಳಗೆ ಅದರ ಗುಣಗಳನ್ನ ಹೊತ್ತಿರೋ ಎಳೆಗಳ ಎಣಿಕೆ.

ತಪ್ಪು ನಮ್ದೇ. ಹೋದ ವರ್ಷ "ಡೆಲ್ಲಿ ಹೈಬ್ರಿಡ್ ಕನಕಾಂಬರ ಬೀಜ" ಅಂತ ಪ್ಯಾಕೆಟ್ ಹೊರಗಡೆಯಿಂದ ತಂದು ಮಾರಿದ್ವಿ, ಹೂ ಕಟ್ಟೋ ಅಕ್ಕ ಒಬ್ರು ನಾಲ್ಕು ಹೂ ಕೈಲಿ ಹಿಡ್ಕೊಂಡು ಬಂದು "ಇದ್ಯಾವ ಸೀಮೆ ಡೆಲ್ಲಿ, ಬಣ್ಣನೇ ಇಲ್ವಲ್ಲ" ಅಂದಾಗ್ಲೇ ನಮಗೆ ತಲೆಗೆ ಹೋಗಿದ್ದು. ಡೆಲ್ಲಿ ಕನಕಾಂಬರ ಬೀಜನೇ ಕಟ್ಟಲ್ಲ! ಪ್ಯಾಕೆಟ್‌ನಲ್ಲಿ ಇದ್ದಿದ್ದು ಮಾಮೂಲಿ ಆರೆಂಜ್.

ಯಾಕೆ ಕಟ್ಟಲ್ಲ ಅಂದ್ರೆ, ಕನಕಾಂಬರದಲ್ಲಿ ಕ್ರೋಮೋಸೋಮ್ ಹತ್ತತ್ತರ ಸೆಟ್. ಸೆಬಾಕ್ಯುಲಿಸ್ ರೆಡ್ ಅನ್ನೋ ತಳಿಗೆ ಎರಡು ಸೆಟ್, 20, ಅದು ಡಿಪ್ಲಾಯ್ಡ್. ಆರೆಂಜ್, ಲೂಟಿಯಾ ಹಳದಿ ಅನ್ನೋ ತಳಿಗಳಿಗೆ ನಾಲ್ಕು ಸೆಟ್, 40, ಟೆಟ್ರಾಪ್ಲಾಯ್ಡ್. ಡೆಲ್ಲಿ ಮೂರೇ ಸೆಟ್, 30, ಟ್ರಿಪ್ಲಾಯ್ಡ್. ಬೀಜ ಆಗ್ಬೇಕಂದ್ರೆ ಸೆಟ್‌ಗಳು ಜೋಡಿಯಾಗಿ ನಿಂತು ಸಮ ಪಾಲಾಗ್ಬೇಕು, ಮೂರಿದ್ರೆ ಅಣ್ಣತಮ್ಮ ಇಬ್ರು ಮೂರು ಎಮ್ಮೆ ಪಾಲು ಮಾಡ್ಕೊಳ್ಳೋಕೆ ಕೂತಂಗೆ, ಬಗೆಹರಿಯಲ್ಲ. ಒಣಗಿದ ಆರೆಂಜ್ ತೆನೆ ಮೇಲೆ ನೀರು ಚಿಮುಕಿಸಿ ನೋಡಿ, ಕಾಯಿ ಪಟ್ ಅಂತ ಸಿಡಿದು ಬೀಜ ಹಾರುತ್ತೆ. ಡೆಲ್ಲಿ ತೆನೆ ಉಜ್ಜಿದ್ರೆ ಬರೀ ಹೊಟ್ಟು.

ಇನ್ನು ಹೈಬ್ರಿಡ್ ಅನ್ನೋದು. ನಾಟಿ ಅಲ್ದೇ ಇರೋದೆಲ್ಲ ಹೈಬ್ರಿಡ್ ಅಂತ ನಾವೂ ಹೇಳ್ತಾ ಬಂದಿದ್ವಿ, ನಿಜವಾಗ್ಲೂ ಅದು ಎರಡು ಬೇರೆ ಗಿಡ ಕ್ರಾಸ್ ಮಾಡಿದ್ದಕ್ಕೆ ಹೇಳೋ ಮಾತು, ಟ್ರಿಪ್ಲಾಯ್ಡ್ ಅನ್ನೋದು ಬರೀ ಸೆಟ್ ಎಣಿಕೆ. 20ರದ್ದನ್ನ 40ರದ್ದರ ಜೊತೆ ಕ್ರಾಸ್ ಮಾಡಿದ್ರೆ, ಪ್ರತಿ ಗಿಡ ತನ್ನ ಅರ್ಧ ಕೊಡೋದ್ರಿಂದ, ಒಂದು ಕಡೆಯಿಂದ 10, ಇನ್ನೊಂದು ಕಡೆಯಿಂದ 20 ಬಂದು ಮರಿಗೆ 30 ಆಗುತ್ತೆ, ಅದು ಹೈಬ್ರಿಡ್ಡೂ ಹೌದು ಟ್ರಿಪ್ಲಾಯ್ಡೂ ಹೌದು. 40ಕ್ಕೆ 40 ಬೇರೆ ಬೇರೆ ತಳಿ ಕ್ರಾಸ್ ಆದ್ರೂ ಹೈಬ್ರಿಡ್ಡೇ, ಆದ್ರೆ 40ರಲ್ಲೇ ಉಳಿಯುತ್ತೆ, ಬೀಜನೂ ಕಟ್ಟುತ್ತೆ. ಒಂದೇ ಪದದಲ್ಲಿ ಎರಡನ್ನೂ ತುರುಕಿದ್ದಕ್ಕೇ ಈ ಎಡವಟ್ಟು.

ಹಾಗಾಗಿ 30 ಅಂತಿರೋ ಟ್ರೇಯಲ್ಲಿ ಬರೋದೆಲ್ಲ ನಮ್ಮ ತಾಯಿಗಿಡದ ಕಡ್ಡಿ ನೆಟ್ಟು ಬೇರು ಬರಿಸಿದ ಸಸಿ, ಬೀಜದ ಸಸಿಗಿಂತ ರೇಟು ಸ್ವಲ್ಪ ಜಾಸ್ತಿ ಬೀಳುತ್ತೆ, ಬೇಜಾರು ಮಾಡ್ಕೋಬೇಡಿ. ಬೇರೆ ಯಾರಾದ್ರೂ ಡೆಲ್ಲಿ ಬೀಜ ಅಂತ ಕೊಟ್ರೆ ತಗೋಬೇಡಿ.

ಹಳೇ ಪ್ಯಾಕೆಟ್ ತಗೊಂಡಿದ್ದೋರು ಖಾಲಿ ಕವರ್ ತನ್ನಿ ಸಾಕು, ಬಿಲ್ ಬೇಡ, ಅಷ್ಟು ದುಡ್ಡಿಗೆ ಡೆಲ್ಲಿ ಸಸಿ ಕೊಡ್ತೀವಿ. ಭಾನುವಾರ ಮಧ್ಯಾಹ್ನದವರೆಗೂ ಇರ್ತೀವಿ.

ಇಂತಿ,
ನರ್ಸರಿ ಸಹಕಾರ ಸಂಘದೋರು